ಸಣ್ಣ ಕೈಗಾರಿಕೆಯ ಪಾಠ: ಕಾರಣಗಳನ್ನು ಪೋಣಿಸಿ ಕಲಿಸುವ ಬಗೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಸಣ್ಣ ಕೈಗಾರಿಕೆಯ ವಿಷಯ ಒಂದೇ ಕಡೆ ಸಿಗುವುದಿಲ್ಲ. ಕೈಗಾರಿಕೆಗಳು ಎಲ್ಲಿ, ಏಕೆ ನೆಲೆಗೊಳ್ಳುತ್ತವೆ ಎಂಬುದು ಭೂಗೋಳದಲ್ಲಿದೆ. ಉದ್ಯಮಗಾರಿಕೆ ಮತ್ತು ಬ್ಯಾಂಕ್ ವ್ಯವಹಾರ ವ್ಯವಹಾರ ಅಧ್ಯಯನದಲ್ಲಿವೆ. ಉದ್ಯೋಗ, ಉತ್ಪಾದನೆಯ ವಲಯಗಳು ಅರ್ಥಶಾಸ್ತ್ರದಲ್ಲಿವೆ. ಹೀಗೆ ಹಂಚಿಹೋದ ವಿಷಯವನ್ನು ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಪಟ್ಟಿಯಾಗಿ ಕಟ್ಟಿಕೊಂಡು ತರಗತಿಗೆ ತರುತ್ತಾರೆ. ಬಂಡವಾಳದ ಕೊರತೆ, ಕಚ್ಚಾ ವಸ್ತುವಿನ ಕೊರತೆ, ಕುಶಲ ಕಾರ್ಮಿಕರ ಕೊರತೆ, ವಿದ್ಯುತ್ ಅಭಾವ, ಹಳೆಯ ತಂತ್ರಜ್ಞಾನ, ಮಾರುಕಟ್ಟೆಯ ಸಮಸ್ಯೆ, ದೊಡ್ಡ ಕೈಗಾರಿಕೆಗಳ ಪೈಪೋಟಿ ಎಂದು ಏಳು ಅಂಶಗಳು ಕಪ್ಪುಹಲಗೆಯ ಮೇಲೆ ಬರುತ್ತವೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪಾಠ ಮುಗಿಯುತ್ತದೆ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಒಂದು ಸಣ್ಣ ಘಟಕ ಏಕೆ ಬೆಳೆಯುತ್ತದೆ, ಇನ್ನೊಂದು ಏಕೆ ಇದ್ದಲ್ಲೇ ಉಳಿಯುತ್ತದೆ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಒಂದು ಶಾಲೆಯಲ್ಲಿ ನಾನು ಪಾಠ ವೀಕ್ಷಣೆಗೆ ಕುಳಿತಿದ್ದಾಗ ಈ ಮಾತು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಸ್ಪಷ್ಟವಾಯಿತು. ಏಳು ಅಂಶಗಳನ್ನು ಬರೆದುಕೊಂಡ ಮೇಲೆ ಅವಳು ಎದ್ದು ನಿಂತು ಕೇಳಿದಳು: “ಮಿಸ್, ನಮ್ಮಪ್ಪನ ಶೆಡ್ಡಿಗೆ ಆರ್ಡರ್ ಬೇಕಾದಷ್ಟು ಬರುತ್ತೆ. ಆದ್ರೂ ತಿಂಗಳ ಕೊನೆಗೆ ದುಡ್ಡಿರಲ್ಲ. ಅದು ಯಾವ ಪಾಯಿಂಟಿಗೆ ಬರುತ್ತೆ?” ಪ್ರಶಿಕ್ಷಣಾರ್ಥಿ ಹಲಗೆಯ ಕಡೆ ತಿರುಗಿ ನೋಡಿದರು. ಮಾರುಕಟ್ಟೆಯ ಸಮಸ್ಯೆ ಎನ್ನೋಣವೆಂದರೆ ಆರ್ಡರ್ ಇದೆ. ಬಂಡವಾಳದ ಕೊರತೆ ಎನ್ನೋಣವೆಂದರೆ ಯಂತ್ರಗಳಿವೆ, ಶೆಡ್ಡು ನಡೆಯುತ್ತಿದೆ. ಪಟ್ಟಿಯ ಯಾವ ಒಂದು ಅಂಶವೂ ಆ ಪ್ರಶ್ನೆಗೆ ಉತ್ತರವಾಗಲಿಲ್ಲ.

ಇಂಥ ತರಗತಿಗಳಲ್ಲಿ ಕುಳಿತ ಮಕ್ಕಳಲ್ಲಿ ಅನೇಕರ ಮನೆ ನಡೆಯುವುದೇ ಸಣ್ಣ ಘಟಕಗಳಿಂದ. ತಂದೆ ಟರ್ನರ್ ಆಗಿರಬಹುದು, ತಾಯಿ ಪ್ಯಾಕಿಂಗ್ ವಿಭಾಗದಲ್ಲಿರಬಹುದು, ಮಾವ ಎರಡು ಯಂತ್ರ ಇಟ್ಟುಕೊಂಡಿರಬಹುದು. ಮನೆಯಲ್ಲಿ ದುಡ್ಡಿಲ್ಲದಿರುವುದಕ್ಕೆ ಅಪ್ಪನ ಅಸಾಮರ್ಥ್ಯವೇ ಕಾರಣವೆಂದು ಮಗು ಅಂದುಕೊಳ್ಳುತ್ತದೆಯೋ, ವ್ಯವಹಾರ ನಡೆಯುವ ರೀತಿಯನ್ನು ಅರಿತುಕೊಳ್ಳುತ್ತದೆಯೋ ಎಂಬುದು ಈ ಪಾಠವನ್ನು ನಾವು ಕಲಿಸುವ ಬಗೆಯ ಮೇಲೂ ನಿಂತಿದೆ. ಈ ಲೇಖನದಲ್ಲಿ ಪಟ್ಟಿಯ ಅಂಶಗಳನ್ನು ಒಂದಕ್ಕೊಂದು ಪೋಣಿಸಿ ಕಲಿಸುವ ಒಂದು ಕ್ರಮವನ್ನು ವಿವರಿಸುತ್ತೇನೆ. ಅದಕ್ಕೆ ಬೇಕಾದ ವಿಷಯಜ್ಞಾನವನ್ನು ಮೊದಲು ನೋಡೋಣ. ತರಗತಿಯ ಚಟುವಟಿಕೆ ಕೊನೆಯಲ್ಲಿದೆ.

ಉದಾಹರಣೆಯ ನೆಲೆ: ಪೀಣ್ಯ

ಬೆಂಗಳೂರಿನಲ್ಲಿ ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಆರಂಭವಾದವು. ಇಂಥ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಘಟಕಗಳು ನಗರದಲ್ಲಿ ಬೆಳೆದವು. ಅವುಗಳಿಗೆ ಸಾಲ ಒದಗಿಸಲು ರಾಜ್ಯ ಹಣಕಾಸು ಸಂಸ್ಥೆ 1959ರಲ್ಲಿ, ಶೆಡ್ಡು ಮತ್ತು ಕಚ್ಚಾ ವಸ್ತು ಒದಗಿಸಲು ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ 1960ರಲ್ಲಿ, ಜಮೀನು ಒದಗಿಸಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರಲ್ಲಿ ಬಂದವು. 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಈ ಎಲ್ಲದರ ಫಲ. ಇಂದು ಅಲ್ಲಿ ಲೇತ್, ಮಿಲ್ಲಿಂಗ್, ಸಿಎನ್‌ಸಿ ಯಂತ್ರಗಳ ಕೆಲಸ, ಶೀಟ್ ಮೆಟಲ್, ಪೌಡರ್ ಕೋಟಿಂಗ್, ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲವೂ ಕೆಲವೇ ರಸ್ತೆಗಳ ಅಂತರದಲ್ಲಿ ಸಿಗುತ್ತವೆ.

ಒಂದೇ ಬಗೆಯ ಘಟಕಗಳು ಒಂದೇ ಕಡೆ ಸೇರಿದಾಗ ಆಗುವ ಲಾಭವನ್ನು ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಷ್ಟು ಹಿಂದೆಯೇ ವಿವರಿಸಿದ್ದರು. ಪಳಗಿದ ಕೆಲಸಗಾರರು ಅಲ್ಲೇ ಸಿಗುತ್ತಾರೆ, ಪೂರಕ ಕೆಲಸ ಮಾಡಿಕೊಡುವವರು ಅಕ್ಕಪಕ್ಕದಲ್ಲಿರುತ್ತಾರೆ, ಕಸುಬಿನ ತಿಳಿವಳಿಕೆ ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆ. ಪೀಣ್ಯದಲ್ಲಿ ಮೂರೂ ಕಾಣುತ್ತವೆ. ಆದರೆ ಇದೇ ಸಾಮೀಪ್ಯಕ್ಕೆ ಇನ್ನೊಂದು ಮುಖವೂ ಇದೆ. ಒಂದು ಶಾಫ್ಟಿಗೆ ಒಬ್ಬ ಮಾಲೀಕ 56 ರೂಪಾಯಿ ಕೇಳಿದರೆ, ಪಕ್ಕದ ಶೆಡ್ಡಿನವನು 54ಕ್ಕೆ ಒಪ್ಪಿಕೊಳ್ಳುತ್ತಾನೆ. ಕೊಳ್ಳುವ ಕಂಪನಿಗೆ ಇದು ಗೊತ್ತಿರುತ್ತದೆ. ಒಂದೇ ಅಂಶ ಅನುಕೂಲವೂ ಆಗಬಹುದು, ಅನನುಕೂಲವೂ ಆಗಬಹುದು ಎಂಬುದನ್ನು ಪಟ್ಟಿ ಮಕ್ಕಳಿಗೆ ತೋರಿಸುವುದಿಲ್ಲ. ಆದ್ದರಿಂದ ಪಾಠದ ಮೊದಲ ಹಂತದಲ್ಲೇ ಈ ಉದಾಹರಣೆ ಕೊಡುವುದು ಒಳ್ಳೆಯದು.

ಒಂದು ಶೆಡ್ಡಿನ ತಿಂಗಳ ಲೆಕ್ಕ

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಪಾಠಕ್ಕಾಗಿ ನಾನು ಒಂದು ಶೆಡ್ಡನ್ನು ಕಲ್ಪಿಸಿಕೊಂಡಿದ್ದೇನೆ. ಅಂಕಿಗಳು ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡವು, ಯಾವ ನಿಜವಾದ ಘಟಕದವೂ ಅಲ್ಲ. ಎರಡು ಲೇತ್, ಒಂದು ಸಿಎನ್‌ಸಿ ಯಂತ್ರವಿರುವ ಬಾಡಿಗೆ ಶೆಡ್ಡು. ಒಂದು ಕಂಪನಿಗೆ ಪ್ರತಿ ತಿಂಗಳೂ ಶಾಫ್ಟ್ ಮಾಡಿಕೊಡುತ್ತದೆ. ತಿಂಗಳ ಖರ್ಚು ಹೀಗಿದೆ: ಉಕ್ಕಿಗೆ 3,00,000 ರೂಪಾಯಿ, ಕೆಲಸಗಾರರ ಸಂಬಳಕ್ಕೆ 1,00,000, ಬಾಡಿಗೆಗೆ 40,000, ವಿದ್ಯುತ್ತಿಗೆ 25,000, ಟೂಲ್, ಎಣ್ಣೆ, ಸಾಗಣೆಗೆ 35,000. ಒಟ್ಟು 5,00,000 ರೂಪಾಯಿ. ತಿಂಗಳ ಕೊನೆಗೆ ಮಾಲು ಕಳುಹಿಸಿ 5,60,000 ರೂಪಾಯಿಗೆ ಬಿಲ್ ಮಾಡುತ್ತಾರೆ. ಮಾಲೀಕನಿಗೆ ಉಳಿಯುವುದು 60,000. ಪುಸ್ತಕದ ಲೆಕ್ಕದಲ್ಲಿ ಇದು ಲಾಭದಲ್ಲಿರುವ ಘಟಕ.

ಬಿಲ್ ಕೊಟ್ಟ ಒಂದು ತಿಂಗಳಿಗೆ ಹಣ ಬರುತ್ತದೆ ಎಂದುಕೊಳ್ಳಿ. ಮೊದಲ ತಿಂಗಳು 5 ಲಕ್ಷ ಹೋಯಿತು. ಎರಡನೆಯ ತಿಂಗಳೂ ಯಂತ್ರ ನಿಲ್ಲುವಂತಿಲ್ಲ, ಇನ್ನೂ 5 ಲಕ್ಷ ಹೋಯಿತು. ಎರಡನೆಯ ತಿಂಗಳ ಕೊನೆಗೆ ಮೊದಲ ಬಿಲ್ಲಿನ 5,60,000 ಬಂತು. ಅಂದರೆ ಈ ಕೆಲಸ ನಡೆಸಲು ಮಾಲೀಕನ ಕೈಯಲ್ಲಿ 10 ಲಕ್ಷ ರೂಪಾಯಿ ಇದ್ದರೆ ಸಾಕು.

ಅದೇ ಹಣ ಮೂರು ತಿಂಗಳಿಗೆ ಬರುತ್ತದೆ ಎಂದುಕೊಳ್ಳಿ. ಈಗ ಮೊದಲ ಬಿಲ್ಲಿನ ಹಣ ಕೈಗೆ ಸೇರುವುದು ನಾಲ್ಕನೆಯ ತಿಂಗಳ ಕೊನೆಗೆ. ಅಷ್ಟರಲ್ಲಿ 20 ಲಕ್ಷ ಖರ್ಚಾಗಿರುತ್ತದೆ. ಆರ್ಡರ್ ಅದೇ, ಯಂತ್ರ ಅದೇ, ಕೆಲಸಗಾರರು ಅವರೇ, ಲಾಭದ ಲೆಕ್ಕವೂ ಅದೇ. ಬದಲಾದದ್ದು ಹಣ ಬರುವ ದಿನ ಮಾತ್ರ. ಆದರೆ ಬೇಕಾದ ದುಡಿಯುವ ಬಂಡವಾಳ ಎರಡು ಪಟ್ಟಾಯಿತು.

ಹೆಚ್ಚುವರಿ 10 ಲಕ್ಷವನ್ನು ಮಾಲೀಕ ಎಲ್ಲಿಂದ ತರುತ್ತಾನೆ? ಬ್ಯಾಂಕು ವರ್ಷಕ್ಕೆ ಶೇ 12ರ ಬಡ್ಡಿಗೆ ಕೊಟ್ಟರೆ ತಿಂಗಳಿಗೆ 10,000 ರೂಪಾಯಿ ಬಡ್ಡಿ. ಬ್ಯಾಂಕು ಅಡಮಾನ ಕೇಳುತ್ತದೆ, ಶೆಡ್ಡು ಬಾಡಿಗೆಯದು, ಯಂತ್ರದ ಮೇಲೆ ಆಗಲೇ ಸಾಲವಿದೆ. ಆಗ ಉಳಿಯುವುದು ಕೈಸಾಲ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಹತ್ತು ಲಕ್ಷಕ್ಕೆ ತಿಂಗಳಿಗೆ 30,000. ಅರವತ್ತು ಸಾವಿರದ ಲಾಭದಲ್ಲಿ ಅರ್ಧ ಹೋಯಿತು. ‘ನೂರಕ್ಕೆ ಮೂರು’ ಎಂಬುದು ತಿಂಗಳ ಬಡ್ಡಿ, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 36 ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ಮನೆಯಲ್ಲಿ ಈ ಮಾತು ಕೇಳಿದ ಮಕ್ಕಳು ಅದನ್ನು ಶೇಕಡಾ ಲೆಕ್ಕದ ಪಾಠಕ್ಕೆ ಜೋಡಿಸಿ ನೋಡಿರುವುದಿಲ್ಲ.

ಇದಕ್ಕೆ ತೆರಿಗೆಯೂ ಸೇರುತ್ತದೆ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿ ಸಾಮಾನ್ಯವಾಗಿ ಮಾಲಿಗೆ ಬಿಲ್ ಮಾಡಿದ ಕೂಡಲೇ ತೆರಿಗೆಯ ಹೊಣೆ ಹುಟ್ಟುತ್ತದೆ, ಹಣ ಕೈಗೆ ಬಂದಾಗ ಅಲ್ಲ. ಶೇ 18ರ ದರದಲ್ಲಿ ನಮ್ಮ ಶೆಡ್ಡಿನ ಬಿಲ್ಲಿನ ಮೇಲಿನ ತೆರಿಗೆ 1,00,800 ರೂಪಾಯಿ. ಉಕ್ಕು ಕೊಳ್ಳುವಾಗ ಕೊಟ್ಟ 54,000 ಕಳೆದರೂ 46,800 ರೂಪಾಯಿಯನ್ನು ಮುಂದಿನ ತಿಂಗಳೇ ಕಟ್ಟಬೇಕು. ಕೊಳ್ಳುವ ಕಂಪನಿ ಇನ್ನೂ ಕೊಡದ ಹಣದ ಮೇಲೆ ಮಾಲೀಕ ಕೈಯಿಂದ ತೆರಿಗೆ ಕಟ್ಟಿರುತ್ತಾನೆ.

ಒಂದು ಕೊರತೆ ಇನ್ನೊಂದನ್ನು ಹೆರುವ ಬಗೆ

ಇಲ್ಲಿಂದ ಮುಂದೆ ಹಲಗೆಯ ಮೇಲಿನ ಪಟ್ಟಿಗೆ ಜೀವ ಬರುತ್ತದೆ. ಕೈಯಲ್ಲಿ ಹಣವಿಲ್ಲದ ಮಾಲೀಕ ಉಕ್ಕನ್ನು ಸಗಟಾಗಿ ತರಲಾರ. ಹತ್ತಿರದ ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಉದ್ದರಿಯಲ್ಲಿ, ಹೆಚ್ಚಿನ ದರಕ್ಕೆ ತರುತ್ತಾನೆ. ಪಟ್ಟಿಯಲ್ಲಿ ಅದು ‘ಕಚ್ಚಾ ವಸ್ತುವಿನ ಕೊರತೆ’ ಎಂದು ಕಾಣುತ್ತದೆ. ಸವೆದ ಟೂಲನ್ನು ಬದಲಿಸುವುದನ್ನು ಇನ್ನೆರಡು ದಿನ ಮುಂದೂಡುತ್ತಾನೆ, ಶಾಫ್ಟಿನ ಅಳತೆ ತಪ್ಪುತ್ತದೆ, ಮಾಲು ರಿಜೆಕ್ಟ್ ಆಗಿ ವಾಪಸ್ ಬರುತ್ತದೆ. ಪಟ್ಟಿಯಲ್ಲಿ ಅದು ‘ಗುಣಮಟ್ಟದ ಸಮಸ್ಯೆ’. ಸಂಬಳ ಹತ್ತು ದಿನ ತಡವಾದರೆ ನುರಿತ ಟರ್ನರ್, ಪಿಎಫ್, ಇಎಸ್‌ಐ ಸಹಿತ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವ ದೊಡ್ಡ ಕಂಪನಿಗೆ ಹೋಗುತ್ತಾನೆ. ಅವನ ಜಾಗಕ್ಕೆ ಬಂದ ಹೊಸ ಹುಡುಗ ಕಲಿಯುವಷ್ಟರಲ್ಲಿ ಇನ್ನಷ್ಟು ಮಾಲು ರಿಜೆಕ್ಟ್ ಆಗುತ್ತದೆ. ಪಟ್ಟಿಯಲ್ಲಿ ಅದು ‘ಕುಶಲ ಕಾರ್ಮಿಕರ ಕೊರತೆ’. ಮಾಲು ವಾಪಸ್ ಬಂದದ್ದನ್ನೇ ನೆಪ ಮಾಡಿಕೊಂಡು ಕಂಪನಿ ಹಣವನ್ನು ಇನ್ನೂ ತಡ ಮಾಡುತ್ತದೆ. ಸರಪಳಿ ಸುತ್ತಿಕೊಂಡು ಮೊದಲಿನ ಕೊಂಡಿಗೇ ಬಂದು ಸೇರಿತು.

ಕೆಲವು ಮಾಲೀಕರು ಇದರಿಂದ ತಪ್ಪಿಸಿಕೊಳ್ಳಲು ಜಾಬ್ ವರ್ಕ್‌ಗೆ ತಿರುಗುತ್ತಾರೆ. ಉಕ್ಕನ್ನು ಕಂಪನಿಯೇ ಕೊಡುತ್ತದೆ, ಇವರು ಕೆಲಸದ ಕೂಲಿ ಮಾತ್ರ ಪಡೆಯುತ್ತಾರೆ. ಹಣ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ, ಜೊತೆಗೆ ಲಾಭವೂ ಕಡಿಮೆಯಾಗುತ್ತದೆ. ಸ್ವಂತ ಉತ್ಪನ್ನ ಮಾಡುವ ಯೋಚನೆ ದೂರವಾಗುತ್ತದೆ. ಘಟಕ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಬೆಳವಣಿಗೆಯ ಹಾದಿಯಲ್ಲಿರುವ ದೇಶಗಳಲ್ಲಿ ಅಸಂಖ್ಯ ಸಣ್ಣ ಘಟಕಗಳು ವರ್ಷಾನುಗಟ್ಟಲೆ ಸಣ್ಣವಾಗಿಯೇ ಉಳಿಯುವುದಕ್ಕೆ ಇಂಥ ಆಯ್ಕೆಗಳೂ ಒಂದು ಕಾರಣ.

ಕಾನೂನು ಇದೆಯಲ್ಲ ಎಂದು ಮಕ್ಕಳು ಕೇಳಬಹುದು, ಕೇಳಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಒಪ್ಪಂದದ ಅವಧಿಯೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ ಕೊಡಬೇಕು. ದೂರು ಕೊಡಲು ರಾಜ್ಯದಲ್ಲಿ ಸೌಲಭ್ಯ ಮಂಡಳಿಯಿದೆ. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ತಂದಿತು. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಕಂಪನಿ ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ತೋರಿಸಬಹುದು. ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬಿಲ್ಲನ್ನು ಆನ್‌ಲೈನ್ ವೇದಿಕೆಯಲ್ಲಿ ಬ್ಯಾಂಕುಗಳಿಗೆ ಮಾರಿ ಮುಂಚೆಯೇ ಹಣ ಪಡೆಯುವ ಟಿಆರ್‌ಇಡಿಎಸ್ ಎಂಬ ವ್ಯವಸ್ಥೆಯೂ ಇದೆ.

ಆದರೂ ಹಣ ತಡವಾಗುವುದೇಕೆ? ಒಂದೇ ಕಂಪನಿಯ ಆರ್ಡರನ್ನು ನಂಬಿದ ಮಾಲೀಕ ಅದರ ಮೇಲೆಯೇ ದೂರು ಕೊಡಲು ಹಿಂಜರಿಯುತ್ತಾನೆ. ಪಕ್ಕದ ಶೆಡ್ಡಿನವನು 54 ರೂಪಾಯಿಗೆ ಸಿದ್ಧನಿದ್ದಾನೆ ಎಂಬುದು ಅವನಿಗೂ ಗೊತ್ತು. ಹಕ್ಕು ಕಾಗದದ ಮೇಲಿರುವುದಕ್ಕೂ ಅದನ್ನು ಬಳಸುವ ಚೌಕಾಸಿ ಬಲ ಇರುವುದಕ್ಕೂ ವ್ಯತ್ಯಾಸವಿದೆ. ಪೌರನೀತಿಯ ಪಾಠಕ್ಕೂ ಇಲ್ಲಿಂದ ದಾರಿಯಿದೆ.

ಗಾತ್ರ ಬದಲಾದರೆ ಪೆಟ್ಟೂ ಬದಲಾಗುತ್ತದೆ

ವಿದ್ಯುತ್ ಅಭಾವವನ್ನು ನಾವು ಎಲ್ಲ ಕೈಗಾರಿಕೆಗಳಿಗೂ ಒಂದೇ ತೊಂದರೆ ಎಂಬಂತೆ ಕಲಿಸುತ್ತೇವೆ. ನಮ್ಮ ಕಲ್ಪನೆಯ ಶೆಡ್ಡಿನಲ್ಲಿ ಸಂಬಳ ಮತ್ತು ಬಾಡಿಗೆ ಸೇರಿ ತಿಂಗಳಿಗೆ 1,40,000. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದರೆ 208 ಗಂಟೆ. ಕರೆಂಟು ಹೋದ ಪ್ರತಿ ಗಂಟೆಗೂ ಸುಮಾರು 670 ರೂಪಾಯಿ ಕೆಲಸವಿಲ್ಲದೆ ಖರ್ಚಾಗುತ್ತದೆ. ದೊಡ್ಡ ಕಾರ್ಖಾನೆ ಜನರೇಟರ್ ಹಾಕಿಕೊಳ್ಳುತ್ತದೆ. ಅದರ ಖರ್ಚು ಸಾವಿರಾರು ವಸ್ತುಗಳ ಮೇಲೆ ಹಂಚಿಹೋಗುತ್ತದೆ. ಸಣ್ಣ ಶೆಡ್ಡಿಗೆ ಅದೇ ಜನರೇಟರ್ ಪ್ರತಿ ವಸ್ತುವಿನ ಮೇಲೂ ಭಾರ. ಭಾರತದ ಕಾರ್ಖಾನೆಗಳ ಮೇಲೆ ವಿದ್ಯುತ್ ಕೊರತೆಯ ಪರಿಣಾಮವನ್ನು ಅಳೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕೊರತೆಯಿಂದ ಸರಾಸರಿ ಘಟಕದ ವರಮಾನ ಶೇ 5ರಿಂದ 10ರಷ್ಟು ಕುಗ್ಗುತ್ತದೆ, ಸಣ್ಣ ಘಟಕಗಳಿಗೆ ಪೆಟ್ಟು ಹೆಚ್ಚು ಎಂದು ತೋರಿಸಿತು. ಆದ್ದರಿಂದ ‘ವಿದ್ಯುತ್ ಅಭಾವ’ ಎಂದು ಬರೆದ ಮೇಲೆ ‘ಯಾರಿಗೆ, ಎಷ್ಟು?’ ಎಂಬ ಪ್ರಶ್ನೆಯನ್ನೂ ಪಕ್ಕದಲ್ಲಿ ಬರೆಯಬೇಕು.

ಹಣ ಸಿಕ್ಕರೆ ಸಾಕೇ?

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಕ್ಕೂ ಹಣವೇ ಮೂಲ, ಸಾಲ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಮಕ್ಕಳು ತೀರ್ಮಾನಿಸುವ ಅಪಾಯವಿದೆ. ಅದನ್ನು ತಡೆಯಲು ಎರಡು ಅಧ್ಯಯನಗಳನ್ನು ಪ್ರಶಿಕ್ಷಣಾರ್ಥಿಗಳು ತಿಳಿದಿರಬೇಕು.

ಮೊದಲನೆಯದು ಶ್ರೀಲಂಕಾದ್ದು. ಸುನಾಮಿಯ ನಂತರದ ವರ್ಷಗಳಲ್ಲಿ ಸಂಶೋಧಕರು ಅಲ್ಲಿನ ತೀರಾ ಸಣ್ಣ ಉದ್ಯಮಿಗಳಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಆ ದೇಶದ ಹಣದಲ್ಲಿ 10,000 ಅಥವಾ 20,000 ರೂಪಾಯಿ ನೆರವು ಕೊಟ್ಟರು. ನೆರವು ಪಡೆದವರ ಲಾಭ ಸರಾಸರಿಯಲ್ಲಿ ತಿಂಗಳಿಗೆ ಆ ಹಣದ ಶೇ 5ರ ಆಸುಪಾಸಿನಷ್ಟು ಏರಿತು. ಬ್ಯಾಂಕ್ ಬಡ್ಡಿಗಿಂತ ಇದು ಬಹಳ ಹೆಚ್ಚು. ಬಂಡವಾಳದ ಕೊರತೆ ನಿಜ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಪ್ರಯೋಗದಲ್ಲಿ ಮಹಿಳೆಯರ ಘಟಕಗಳ ಲಾಭ ಸರಾಸರಿಯಲ್ಲಿ ಏರಲಿಲ್ಲ. ಹೆಣ್ಣುಮಕ್ಕಳಿಗೆ ವ್ಯಾಪಾರ ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಭಾರತ, ಶ್ರೀಲಂಕಾ, ಘಾನಾ ದೇಶಗಳ ಮಾಹಿತಿಯನ್ನು ಒಟ್ಟಿಗೆ ನೋಡಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆ, ಮಹಿಳೆಗೆ ಕೊಟ್ಟ ಹಣ ಹಲವು ಮನೆಗಳಲ್ಲಿ ಗಂಡನ ಉದ್ಯಮಕ್ಕೆ ಹೋಗುತ್ತದೆ ಎಂದು ಕಂಡುಕೊಂಡಿತು. ಮನೆಯೊಳಗಿನ ತೀರ್ಮಾನ ಯಾರದು ಎಂಬುದೂ ಉದ್ಯಮದ ಫಲಿತಾಂಶವನ್ನು ನಿರ್ಧರಿಸುವ ಒಂದು ಅಂಶ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಎರಡನೆಯದು ಮುಂಬೈ ಸುತ್ತಮುತ್ತಲ ಬಟ್ಟೆ ಗಿರಣಿಗಳದ್ದು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕೆಲವು ಗಿರಣಿಗಳಿಗೆ ಹಣದ ಬದಲು ನಿರ್ವಹಣೆಯ ಸಲಹೆ ಕೊಡಲಾಯಿತು. ಯಂತ್ರ ಕೆಟ್ಟ ದಿನ, ಕಾರಣ ಬರೆದಿಡುವುದು, ನೂಲಿನ ದಾಸ್ತಾನನ್ನು ವಿಂಗಡಿಸಿ ಲೆಕ್ಕ ಇಡುವುದು, ದೋಷಗಳನ್ನು ದಿನವೂ ದಾಖಲಿಸಿ ಚರ್ಚಿಸುವುದು ಇಂಥ ಸರಳ ಅಭ್ಯಾಸಗಳು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಏರಿತು. ಆ ಗಿರಣಿಗಳು ನಮ್ಮ ಶೆಡ್ಡಿಗಿಂತ ಬಹಳ ದೊಡ್ಡವು ಎಂಬುದನ್ನು ಮರೆಯಬಾರದು. ಆದರೂ ಹಾಜರಿ ಪುಸ್ತಕ, ಪಾಠಟಿಪ್ಪಣಿ ಬರೆಯುವ ನಮಗೆ ಇದು ಚೆನ್ನಾಗಿ ಅರ್ಥವಾಗುವ ವಿಷಯ. ಬರೆದಿಡದ ತಪ್ಪು ಮತ್ತೆ ಮತ್ತೆ ನಡೆಯುತ್ತದೆ.

ಗಂಟು ಬೇರೆ ಬೇರೆ ಕಡೆ

ಪೀಣ್ಯದ ಸರಪಳಿಯನ್ನು ಹಾಗೆಯೇ ಎತ್ತಿ ಬೇರೆ ಊರಿಗೆ ಇಡಲಾಗದು ಎಂಬುದನ್ನು ತೋರಿಸಲು ಇನ್ನೊಂದು ಉದಾಹರಣೆ ಬೇಕು. ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣವನ್ನು ಮಕ್ಕಳೆಲ್ಲ ಬಲ್ಲರು. ತಿರುಗುತ್ತಿರುವ ಆಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಆಮದು ಆಟಿಕೆಗಳ ಮೇಲಿನ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂಬ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು. ನೋಂದಾಯಿತ ಕರಕುಶಲ ಕರ್ಮಿಗಳು ಹಾಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೆ ಅದರಿಂದ ವಿನಾಯಿತಿಯೂ ಸಿಕ್ಕಿತು.

ಹಾಗಾದರೆ ಚನ್ನಪಟ್ಟಣದ ಕುಶಲಕರ್ಮಿಗೆ ಎಲ್ಲ ಬಾಗಿಲೂ ತೆರೆದವೇ? ಸುಂಕ ಹೆಚ್ಚಾದಾಗ ತೆರವಾಗುವ ಜಾಗಕ್ಕೆ ದೇಶದೊಳಗಿನ ಪ್ಲಾಸ್ಟಿಕ್ ಆಟಿಕೆ ಕಾರ್ಖಾನೆಗಳೂ ಬರುತ್ತವೆ. ವಿನಾಯಿತಿ ಬೇಕಾದರೆ ಮೊದಲು ನೋಂದಣಿಯಾಗಿರಬೇಕು. ಮರ ಕೊಂಡು ತಂದರೂ ಅದು ಒಣಗುವವರೆಗೆ ಕಾಯಬೇಕು, ಅಷ್ಟು ಕಾಲ ಹಣ ಮರದಲ್ಲೇ ಸಿಕ್ಕಿಕೊಂಡಿರುತ್ತದೆ. ಪೀಣ್ಯದಲ್ಲಿ ಹಣ ಬಿಲ್ಲಿನಲ್ಲಿ ಸಿಕ್ಕಿಕೊಂಡರೆ, ಇಲ್ಲಿ ಮರದ ದಾಸ್ತಾನಿನಲ್ಲಿ ಸಿಕ್ಕಿಕೊಂಡಿದೆ. ಎರಡೂ ಕಡೆ ಕಾಯುವ ಕಾಲಕ್ಕೆ ಬೆಲೆಯಿದೆ, ಗಂಟು ಬಿದ್ದ ಜಾಗ ಮಾತ್ರ ಬೇರೆ. ಮಕ್ಕಳಿಗೆ ಕಲಿಸಬೇಕಾದ ಮುಖ್ಯ ಪ್ರಶ್ನೆ ಇದೇ: ಈ ಘಟಕದಲ್ಲಿ ತೀರಾ ಬಿಗಿಯಾದ ಗಂಟು ಎಲ್ಲಿದೆ? ಅದನ್ನು ಸಡಿಲಿಸದೆ ಬೇರೆ ಎಷ್ಟು ಅನುಕೂಲ ಕೊಟ್ಟರೂ ಪ್ರಯೋಜನ ಕಡಿಮೆ.

ತರಗತಿಯಲ್ಲಿ ನಡೆಸುವ ಕ್ರಮ

ಇದಕ್ಕೆ 40 ನಿಮಿಷದ ಎರಡು ಅವಧಿ ಬೇಕು. ಮೊದಲ ಅವಧಿಗೆ ಕಾಗದದ ನೋಟುಗಳನ್ನು ಕತ್ತರಿಸಿಕೊಳ್ಳಿ. ಒಂದು ನೋಟು 20,000 ರೂಪಾಯಿಗೆ ಸಮ. ತರಗತಿಯನ್ನು ಮಾಲೀಕ, ಉಕ್ಕಿನ ವ್ಯಾಪಾರಿ, ಕೆಲಸಗಾರರು, ಇತರ ಖರ್ಚು, ಕೊಳ್ಳುವ ಕಂಪನಿ, ಸಾಲ ಕೊಡುವವರು ಎಂದು ಆರು ಗುಂಪು ಮಾಡಿ. ಮಾಲೀಕರ ಗುಂಪಿಗೆ 50 ನೋಟು ಕೊಡಿ. ಪ್ರತಿ ತಿಂಗಳೂ ಅವರು ಉಕ್ಕಿಗೆ 15, ಸಂಬಳಕ್ಕೆ 5, ಇತರ ಖರ್ಚಿಗೆ 5 ನೋಟು ಕೊಡಬೇಕು. ಮಾಲು ಕೊಟ್ಟಾಗ ಕಂಪನಿ 28 ನೋಟಿನ ಬಿಲ್ಲಿಗೆ ಸಹಿ ಹಾಕುತ್ತದೆ. ತೆರಿಗೆಯನ್ನು ಆಟದಲ್ಲಿ ಸೇರಿಸುವುದು ಬೇಡ.

ಮೊದಲ ಸುತ್ತಿನಲ್ಲಿ ಬಿಲ್ಲಿನ ಹಣ ಒಂದು ತಿಂಗಳಿಗೆ ಬರಲಿ. ಎರಡನೆಯ ತಿಂಗಳ ಖರ್ಚಿಗೆ ಕೈ ಬರಿದಾದರೂ ಕೊನೆಗೆ 28 ನೋಟು ಬರುತ್ತದೆ, ಆಟ ನಡೆಯುತ್ತದೆ. ಎರಡನೆಯ ಸುತ್ತಿನಲ್ಲಿ ಹಣ ಮೂರು ತಿಂಗಳಿಗೆ ಬರಲಿ. ಮೂರನೆಯ ತಿಂಗಳು ಮಾಲೀಕರ ಕೈಯಲ್ಲಿ ಒಂದು ನೋಟೂ ಇರುವುದಿಲ್ಲ. ಇಲ್ಲಿ ಶಿಕ್ಷಕರು ಉತ್ತರ ಹೇಳಬಾರದು. ‘ಈಗ ಏನು ಮಾಡುತ್ತೀರಿ?’ ಎಂದು ಕೇಳಿ ಕಾಯಬೇಕು. ಸಾಲ ತರೋಣ, ಸಂಬಳ ಮುಂದೂಡೋಣ, ಕಡಿಮೆ ಉಕ್ಕು ತರೋಣ, ಕಂಪನಿಯವರನ್ನು ಕೇಳೋಣ ಎಂದು ಮಕ್ಕಳು ಹೇಳುವ ಪ್ರತಿಯೊಂದು ದಾರಿಯನ್ನೂ ಹಲಗೆಯ ಮೇಲೆ ಬರೆದು, ಅದರ ಮುಂದಿನ ಪರಿಣಾಮವನ್ನು ಬಾಣದ ಗುರುತಿನಿಂದ ಜೋಡಿಸಿ. ಹತ್ತು ನಿಮಿಷದಲ್ಲಿ ಪಠ್ಯದ ಪಟ್ಟಿಯ ಬಹುಪಾಲು ಅಂಶಗಳು ಮಕ್ಕಳ ಬಾಯಿಂದಲೇ ಬರುತ್ತವೆ. ಅವು ಒಂದರಿಂದ ಇನ್ನೊಂದು ಹುಟ್ಟಿದ ಕ್ರಮವೂ ಹಲಗೆಯ ಮೇಲಿರುತ್ತದೆ.

ಎರಡನೆಯ ಅವಧಿಯಲ್ಲಿ ಶಾಲೆಯ ಸುತ್ತಲಿನ ಒಂದು ಉದ್ಯೋಗವನ್ನು ಆರಿಸಿಕೊಳ್ಳಿ. ಇಳಕಲ್ಲಿನಲ್ಲಾದರೆ ಸೀರೆಯ ಮಗ್ಗ, ಬೆಳಗಾವಿಯಲ್ಲಾದರೆ ಫೌಂಡ್ರಿ, ಹಳ್ಳಿಯಲ್ಲಾದರೆ ಹಿಟ್ಟಿನ ಗಿರಣಿ ಅಥವಾ ಬೆಲ್ಲದ ಆಲೆಮನೆ. ಹಣ ಎಲ್ಲಿ, ಎಷ್ಟು ದಿನ ನಿಲ್ಲುತ್ತದೆ? ದರ ಗೊತ್ತುಮಾಡುವವರು ಯಾರು? ಒಬ್ಬರೇ ಕೊಳ್ಳುವವರೋ, ಹಲವರೋ? ಕರೆಂಟು ಹೋದರೆ ಯಾವ ಖರ್ಚು ನಿಲ್ಲುವುದಿಲ್ಲ? ಕೆಲಸ ಕಲಿತವರು ಏಕೆ ಬಿಟ್ಟು ಹೋಗುತ್ತಾರೆ? ಈ ಐದು ಪ್ರಶ್ನೆಗಳಿಂದ ಗಂಟನ್ನು ಹುಡುಕಲಿ.

ಎರಡು ಎಚ್ಚರಿಕೆಗಳು ಅಗತ್ಯ. ಮನೆಯ ಸಾಲ, ಸಂಬಳ, ಆದಾಯದ ಬಗ್ಗೆ ಯಾವ ಮಗುವನ್ನೂ ತರಗತಿಯ ಎದುರು ಕೇಳಬಾರದು. ಕಲ್ಪನೆಯ ಶೆಡ್ಡನ್ನು ಇಟ್ಟುಕೊಂಡದ್ದೇ ಇದಕ್ಕಾಗಿ. ಮಗು ತಾನಾಗಿ ಹೇಳಿದರೆ ಗೌರವದಿಂದ ಕೇಳಿ, ಚರ್ಚೆಯನ್ನು ಮತ್ತೆ ನಮ್ಮ ಶೆಡ್ಡಿಗೇ ತರಬೇಕು. ಘಟಕಕ್ಕೆ ಭೇಟಿ ಕೊಡುವುದಾದರೆ ಅನುಮತಿ ಪಡೆದು, ಸಣ್ಣ ಗುಂಪಿನಲ್ಲಿ, ಯಂತ್ರಗಳಿಂದ ದೂರ ನಿಂತು ನೋಡಬೇಕು.

ಮೌಲ್ಯಮಾಪನವೂ ಬದಲಾಗಬೇಕು. ‘ಸಣ್ಣ ಕೈಗಾರಿಕೆಗಳ ಐದು ಸಮಸ್ಯೆಗಳನ್ನು ಪಟ್ಟಿಮಾಡಿ’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಇರಲಿ, ಮಕ್ಕಳಿಗೆ ಅಂಕ ಬೇಕು. ಅದರ ಜೊತೆಗೆ ‘ಹಣ ತಡವಾಗಿ ಬಂದರೆ ಕುಶಲ ಕಾರ್ಮಿಕರ ಕೊರತೆ ಹೇಗೆ ಉಂಟಾಗುತ್ತದೆ? ಮೂರು ಹಂತಗಳಲ್ಲಿ ವಿವರಿಸಿ’ ಎಂಬಂಥ ಒಂದು ಪ್ರಶ್ನೆಯನ್ನು ಘಟಕ ಪರೀಕ್ಷೆಯಲ್ಲಿ ಸೇರಿಸಿ. ಪಾಠ ವೀಕ್ಷಣೆ ಮಾಡುವ ಅಧ್ಯಾಪಕರು ತಮ್ಮ ನಮೂನೆಯಲ್ಲಿ ಒಂದು ಸಾಲು ಹೆಚ್ಚು ಬರೆದುಕೊಳ್ಳಬಹುದು: ಪ್ರಶಿಕ್ಷಣಾರ್ಥಿ ಎಷ್ಟು ಅಂಶ ಹೇಳಿದರು ಎಂಬುದರ ಜೊತೆಗೆ, ಎಷ್ಟು ಅಂಶಗಳನ್ನು ಜೋಡಿಸಿ ತೋರಿಸಿದರು? ಮುಂದಿನ ಸುತ್ತಿನ ಬೋಧನಾಭ್ಯಾಸದಲ್ಲಿ ಈ ಪಾಠ ಮಾಡುವವರು ಮಕ್ಕಳ ಉತ್ತರ ಪತ್ರಿಕೆಗಳನ್ನು ಕಾಲೇಜಿಗೆ ತರಲಿ. ಬಾಣದ ಗುರುತುಗಳು ಎಲ್ಲಿ ಸರಿಯಾಗಿ ಸಾಗಿವೆ, ಎಲ್ಲಿ ಕಡಿದುಹೋಗಿವೆ ಎಂಬುದನ್ನು ಎಲ್ಲರೂ ಕೂತು ನೋಡಿ, ಅದಕ್ಕೆ ತಕ್ಕಂತೆ ಪಾಠಟಿಪ್ಪಣಿಯನ್ನು ತಿದ್ದಿಕೊಳ್ಳೋಣ.